ಗ್ಲಾಡಿಯೇಟರ್‌ನ ಬರಿ ಎದೆ

ತಪ್ಪು ಕಲ್ಪನೆ: ಗ್ಲಾಡಿಯೇಟರ್‌ಗಳು ಎದೆಗೆ ಲೋಹದ ಕವಚ ತೊಟ್ಟು ಕಣಕ್ಕಿಳಿಯುತ್ತಿದ್ದರು.

2000ರಲ್ಲಿ ಬಂದ ರಿಡ್ಲಿ ಸ್ಕಾಟ್ ಅವರ ‘ಗ್ಲಾಡಿಯೇಟರ್’ ಸಿನಿಮಾ ನೋಡಿದವರ ಕಣ್ಣಿಗೆ ಈಗಲೂ ಕಟ್ಟುವುದು ನಾಯಕನ ಎದೆಗವಚವೇ. ರೋಮನ್ನರ ಕಾಲದ ಮೊಸಾಯಿಕ್, ಉಬ್ಬುಶಿಲ್ಪ, ಮಣ್ಣಿನ ಹಣತೆಗಳ ಮೇಲಿರುವ ಗ್ಲಾಡಿಯೇಟರ್ ಬೇರೆಯೇ. ಕಚ್ಚೆ, ಅದರ ಮೇಲೊಂದು ಅಗಲವಾದ ಸೊಂಟಪಟ್ಟಿ; ಅಲ್ಲಿಂದ ಮೇಲೆ ಕುಸ್ತಿ ಪೈಲ್ವಾನನ ಹಾಗೆ ಬರಿಮೈ. ‘ಪ್ರೊವೊಕಾಟರ್’ ಎಂಬ ಬಗೆಯವರು ಮಾತ್ರ ಎದೆಯ ಮೇಲ್ಭಾಗಕ್ಕೆ ಚಿಕ್ಕದೊಂದು ಲೋಹದ ಫಲಕ ಕಟ್ಟುತ್ತಿದ್ದರು.

ಹಾಗಂತ ಅವರನ್ನು ಸುಮ್ಮನೆ ಸಾಯಲು ಬಿಟ್ಟಿದ್ದರು ಎಂದುಕೊಳ್ಳಬೇಡಿ. ಕತ್ತಿ ಹಿಡಿವ ಕೈಗೆ ದಪ್ಪ ಬಟ್ಟೆಯ ಪದರಗಳನ್ನು ತೊಗಲಿನ ಪಟ್ಟಿಗಳಿಂದ ಬಿಗಿಯುತ್ತಿದ್ದರು. ಕಾಲಿಗೆ ಕಂಚಿನ ಕವಚ, ಒಳಗೆ ಮೆತ್ತೆ. ಕೈಗೋ ಕಾಲಿಗೋ ಸಣ್ಣ ಗಾಯವಾದರೂ ಕಾಳಗ ಅಲ್ಲಿಗೇ ಮುಗಿಯುತ್ತದೆ. ದುಡ್ಡು ಸುರಿದು ಆಟ ಏರ್ಪಡಿಸಿದವನಿಗೂ ನೋಡಲು ಬಂದ ಜನಕ್ಕೂ ಅದು ಬೇಡ. ತೆರೆದ ಎದೆ ಎದೆಗಾರಿಕೆಯ ಪ್ರದರ್ಶನವೂ ಹೌದು. ಅದನ್ನು ಕಾಯುವ ಕೆಲಸ ಗುರಾಣಿಯದು. ‘ಮುರ್ಮಿಲ್ಲೊ’ ಎಂಬ ಬಗೆಯವನ ದೊಡ್ಡ ಗುರಾಣಿ ಗದ್ದದಿಂದ ಮೊಣಕಾಲಿನವರೆಗೆ ಮುಚ್ಚುತ್ತಿತ್ತು, ಹಾಗಾಗಿ ಮುಂದಿಡುವ ಎಡಗಾಲಿಗಷ್ಟೇ ಗಿಡ್ಡ ಕವಚ ಸಾಕಾಗುತ್ತಿತ್ತು. ಚಿಕ್ಕ ಗುರಾಣಿಯ ‘ಥ್ರೇಕ್ಸ್’ಗೆ ಎರಡೂ ಕಾಲಿಗೆ ಉದ್ದನೆಯವು.

ತಪ್ಪು ಕಲ್ಪನೆ: ಮೈತುಂಬ ರಕ್ಷಣೆ ಇದ್ದವನದೇ ಮೇಲುಗೈ.

ಬಲೆ, ತ್ರಿಶೂಲ, ಬಾಕು ಹಿಡಿದ ‘ರೆಟಿಯಾರಿಯಸ್’ಗೆ ಶಿರಸ್ತ್ರಾಣವಿಲ್ಲ, ಗುರಾಣಿಯಿಲ್ಲ. ಎಡತೋಳಿಗೆ ಸುತ್ತಿದ ಬಟ್ಟೆ, ಎಡ ಹೆಗಲ ಮೇಲೆ ಕತ್ತಿನ ಮಟ್ಟಕ್ಕೆ ಎದ್ದು ನಿಂತ ಲೋಹದ ತಗಡು, ಅಷ್ಟೇ. ಅವನೆದುರು ನಿಲ್ಲುವ ‘ಸೆಕ್ಯೂಟರ್’ನ ಶಿರಸ್ತ್ರಾಣ ನುಣ್ಣಗೆ, ಅಂಚಿಲ್ಲದೆ ಇರುತ್ತಿತ್ತು, ಬಲೆ ಸಿಕ್ಕಿಕೊಳ್ಳದೆ ಜಾರಿಹೋಗಲೆಂದು. ತ್ರಿಶೂಲದ ಮೊನೆ ತೂರದಂತೆ ಕಣ್ಣಿಗೆ ಎರಡೇ ಪುಟ್ಟ ತೂತು. ಜಾಣತನದ ಕೆಲಸ, ಆದರೆ ಬೆಲೆ ತೆರಬೇಕು: ಅಕ್ಕಪಕ್ಕ ಕಾಣದು, ಉಸಿರು ಕಟ್ಟುತ್ತದೆ. ಬಲೆಗಾರ ಓಡಾಡಿಸಿದಷ್ಟೂ ಇವನು ಬಳಲುತ್ತಾನೆ. ಬೇಗ ಮೇಲೆ ಬೀಳದೆ ಇವನಿಗೆ ಗತಿಯಿಲ್ಲ. ಕವಚ ಹಂಚಿದವರ ಲೆಕ್ಕಾಚಾರ ಇರುವುದೇ ಇಲ್ಲಿ.

ತಪ್ಪು ಕಲ್ಪನೆ: ಚಿತ್ತಾರದ ಶಿರಸ್ತ್ರಾಣಗಳು ಬರೀ ಮೆರವಣಿಗೆಗೆ.

ಪಾಂಪೇಯ ಗ್ಲಾಡಿಯೇಟರ್ ವಸತಿಯಲ್ಲಿ 18ನೇ ಶತಮಾನದಲ್ಲಿ ಅಗೆದು ತೆಗೆದ ಕಂಚಿನ ಶಿರಸ್ತ್ರಾಣಗಳಲ್ಲಿ ಹಲವು ಈಗ ನೇಪಲ್ಸ್ ವಸ್ತುಸಂಗ್ರಹಾಲಯದಲ್ಲಿವೆ. ಒಂದರ ಮೇಲಂತೂ ಟ್ರಾಯ್ ನಗರದ ಪತನದ ದೃಶ್ಯಗಳೇ ಉಬ್ಬಿ ನಿಂತಿವೆ. ಇಷ್ಟು ಚೆಂದದ್ದನ್ನು ಯಾರು ಹೊಡೆದಾಟಕ್ಕೆ ಹಾಕಿಯಾರು ಎಂದು ಕೆಲವು ವಿದ್ವಾಂಸರೂ ಅನುಮಾನಿಸಿದ್ದುಂಟು. ನನಗಂತೂ ತಗಡಿನ ದಪ್ಪ, ತೂಕಗಳ ಸಾಕ್ಷಿಯೇ ಗಟ್ಟಿ ಅನ್ನಿಸುತ್ತದೆ: ಬರೀ ಮೆರವಣಿಗೆಗಾದರೆ ಇಷ್ಟು ಭಾರ ಬೇಕಿರಲಿಲ್ಲ. ಇಂಥವು ಸರಾಸರಿ 4 ಕೆ.ಜಿ. ತೂಗುತ್ತವೆ, ಅಂದರೆ ಸೈನಿಕನ ಶಿರಸ್ತ್ರಾಣದ ಸುಮಾರು ಎರಡರಷ್ಟು. ಸೈನಿಕ ಅದನ್ನು ದಿನವಿಡೀ ಹೊರಬೇಕು; ಗ್ಲಾಡಿಯೇಟರ್‌ಗೆ ಕಾಳಗದ ಕೆಲವೇ ನಿಮಿಷ.