ಟವೆಲ್ ಕೆಳಗಿನ ಬೆರಳು

ಪುಷ್ಯದ ರಥೋತ್ಸವದ ಆಸುಪಾಸಿನಲ್ಲಿ ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ ಕೂಡುತ್ತದೆ. ಹೋರಿಯ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ, ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ. ಹೋರಿಯ ಪರ ಚೌಕಾಸಿ ಮಾಡಲು ಜನ ಇದ್ದಾರೆ. ಅಲ್ಲಿಂದ ಹೊರಟು ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶ ಮುಟ್ಟಿದರೆ ಮಾತು ಬೇರೆ. ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಕಾರ್ಖಾನೆ ಗೇಟು ಹೊಗುವ ಹುಡುಗನ ಪರ ಬೆರಳು ಹಿಡಿಯುವವರಿಲ್ಲ.

ಕಾರಣ ಕಾನೂನಿನಲ್ಲೇ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಕಲಮಿನ ಪ್ರಕಾರ ಅವನು ತರಬೇತಿ ಪಡೆಯುವವನು, ಕಾರ್ಮಿಕನಲ್ಲ. ಆರೋಗ್ಯ, ಸುರಕ್ಷತೆ, ಗಾಯದ ಪರಿಹಾರ ಇವಿಷ್ಟು ಉಂಟು; ಉಳಿದ ಕಾರ್ಮಿಕ ಕಾನೂನು ಅವನತ್ತ ತಿರುಗಿ ನೋಡುವುದಿಲ್ಲ. ಸ್ಟೈಪೆಂಡಿನ ಕನಿಷ್ಠ ಮೊತ್ತ ಗೊತ್ತುಮಾಡುವುದು ಸರ್ಕಾರ. ಮೂವತ್ತು ಮಂದಿ ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಶೇ. 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕೆಂಬ ನಿಯಮವೂ 2019ರಿಂದ ಇದೆ. ಅದೇ ಲೇತಿನ ಮುಂದೆ ನಿಂತ ಕಾಯಂ ನೌಕರನ ಸಂಬಳಕ್ಕೆ ಕಾರ್ಮಿಕ ಸಂಘ ಮಾತಾಡುತ್ತದೆ, ಪಕ್ಕದ ಹುಡುಗನ ಸ್ಟೈಪೆಂಡಿಗೆ ಅಲ್ಲ.

ಜರ್ಮನಿಯಲ್ಲಿ ಹೀಗಿಲ್ಲ. 1969ರ ವೃತ್ತಿ ತರಬೇತಿ ಕಾಯ್ದೆಯ ಪ್ರಕಾರ, ಕಲಿಯುವವರನ್ನು ಪರೀಕ್ಷಿಸುವ ಸಮಿತಿಯಲ್ಲಿ ಮಾಲೀಕರ ಕಡೆಯವರೆಷ್ಟೋ ಕಾರ್ಮಿಕರ ಕಡೆಯವರೂ ಅಷ್ಟೇ, ಜೊತೆಗೆ ಕನಿಷ್ಠ ಒಬ್ಬ ಮೇಷ್ಟ್ರು. ಪಠ್ಯ ರೂಪಿಸುವಾಗಲೂ ಸಂಘಕ್ಕೆ ಕುರ್ಚಿ ಇದೆ. ನಮ್ಮಲ್ಲೂ 1956ರಲ್ಲಿ ಹುಟ್ಟಿದ ವೃತ್ತಿ ತರಬೇತಿಯ ರಾಷ್ಟ್ರೀಯ ಮಂಡಳಿಯಲ್ಲಿ ಕಾರ್ಮಿಕ ಪ್ರತಿನಿಧಿಗಳಿದ್ದರು, ಆದರೆ ದೆಹಲಿಯ ಕುರ್ಚಿ ಬಾಶೆಟ್ಟಿಹಳ್ಳಿಗೆ ಕಾಣುತ್ತಿರಲಿಲ್ಲ.

ಇಲ್ಲಿ ಸಂಘ ವಿದ್ಯಾರ್ಥಿಯ ಮನೆ ಬಾಗಿಲಿಗೆ ಬರುವುದು ಬೇರೆ ದಾರಿಯಲ್ಲಿ, ಅಪ್ಪನ ಕರಣೆಯ ಹಿಂದೆ. ಕಟ್ಟಡ ವೆಚ್ಚದ ಶೇ. 1ರ ಸೆಸ್ಸಿನಿಂದ ನಡೆಯುವ ಕರ್ನಾಟಕ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ, ನೋಂದಾಯಿತ ಕಾರ್ಮಿಕರ ಮಕ್ಕಳ ಓದಿಗೆ ಸಹಾಯಧನ ಕೊಡುತ್ತದೆ. ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗಿಗೂ. ಮಂಡಳಿಯಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಸಮಪಾಲು. ಮಂಡಳಿಯ ನೋಂದಣಿ ಕಾರ್ಡಾಗಲು ವರ್ಷದಲ್ಲಿ 90 ದಿನ ದುಡಿದ ದೃಢೀಕರಣ ಬೇಕು. ಮೇಸ್ತ್ರಿ ಬದಲಾಗುತ್ತಲೇ ಇರುವ ಗಾರೆ ಕೆಲಸದವನಿಗೆ ಮಾಲೀಕನ ಸಹಿ ಎಲ್ಲಿ ಸಿಗಬೇಕು? ಸಂಘದ ಕಚೇರಿಯ ಸೀಲು ಅಲ್ಲಿ ಕೈಹಿಡಿಯುತ್ತದೆ. ನಕಲಿ ಕಾರ್ಡುಗಳ ಗಲಾಟೆಯೂ ಇದೇ ಬಾಗಿಲಲ್ಲಿ ಎದ್ದಿತೆಂಬುದನ್ನು ಮುಚ್ಚಿಡಬೇಕಿಲ್ಲ.

2023ರಲ್ಲಿ ಸರ್ಕಾರ ಈ ಸಹಾಯಧನವನ್ನು ಗಣನೀಯವಾಗಿ ಇಳಿಸಿದಾಗ ಸಂಘಗಳು ಬೀದಿಗಿಳಿದವು. ಫೀಸು ಕಟ್ಟಲು ದುಡ್ಡಿಲ್ಲದ ವಿದ್ಯಾರ್ಥಿಗಳು ಹೈಕೋರ್ಟಿನ ಮೆಟ್ಟಿಲು ಹತ್ತಿದರು.