ಬೀಟೆಯ ಪೆಟ್ಟಿಗೆಯೂ ಮಳೆಗಾಲವೂ

ಮೈಸೂರಿನ ಅಂಬಾವಿಲಾಸ ಅರಮನೆಯನ್ನು ಕಂಡವರು, ಬೀಟೆಮರದಲ್ಲಿ ದಂತವನ್ನು ಕೂರಿಸಿ ಮಾಡಿದ ಅಲ್ಲಿಯ ಬಾಗಿಲನ್ನು ಮರೆಯಲಾರರು. ಆ ಅರಮನೆ ಪೂರ್ಣಗೊಂಡುದು 1912ರಲ್ಲಿ. ಆನೆಯ ದಂತದ ವ್ಯಾಪಾರವನ್ನು ಕಾಯಿದೆ ನಿಷೇಧಿಸಿರುವುದರಿಂದ, ಇಂದಿನ ಮೈಸೂರಿನ ಕುಶಲಕರ್ಮಿಗಳು ಹಲಸು ಮೊದಲಾದ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಬೀಟೆಯಲ್ಲಿ ಕೂರಿಸುತ್ತಾರೆ. ಹಲಗೆಯ ಮೇಲೆ ಚಿತ್ರ ಬರೆದು, ಉಳಿಯಿಂದ ತಗ್ಗು ತೋಡಿ, ಸಣ್ಣ ಗರಗಸದಿಂದ ಕೊಯ್ದ ಚೂರುಗಳನ್ನು ಅದರಲ್ಲಿ ಅಂಟಿಸಿ, ಉಪ್ಪುಕಾಗದದಿಂದ ಉಜ್ಜಿ ಮೆರುಗು ಕೊಡುವುದು ಅವರ ಕ್ರಮ. ಇಂತಹ ಪೆಟ್ಟಿಗೆಯೊಂದನ್ನು ನಾವೇ ಮಾಡಹೊರಟೆವೆನ್ನಿ. ವಾರಗಟ್ಟಲೆ ದುಡಿದು ಮಾಡಿದ ಪೆಟ್ಟಿಗೆ ಮುಂದಿನ ಬೇಸಗೆಯಲ್ಲಿ ಸೀಳು ಬಿಡದಿರಬೇಕಾದರೆ ಏನು ಮಾಡಬೇಕು?

ಮರವು ಕಡಿದ ಮೇಲೂ ಗಾಳಿಯ ತೇವವನ್ನು ಹೀರುತ್ತಲೂ ಬಿಡುತ್ತಲೂ ಇರುತ್ತದೆ. ಮಳೆಗಾಲದಲ್ಲಿ ಮನೆಯ ಕದಗಳು ಬಿಗಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ಮರದ ಕೋಶಗಳು ಕಾಂಡದ ಉದ್ದಕ್ಕೆ ಜೋಡಿಸಿಟ್ಟ ಸಣ್ಣ ಕೊಳವೆಗಳಂತಿವೆ. ಅವುಗಳ ಗೋಡೆಗಳಲ್ಲಿ ಸೆಲ್ಯುಲೋಸಿನ ಎಳೆಗಳು ಬಹುಮಟ್ಟಿಗೆ ಅದೇ ದಿಕ್ಕಿನಲ್ಲಿ ಸಾಗುತ್ತವೆ. ನೀರಿನ ಅಣುಗಳು ಈ ಎಳೆಗಳ ನಡುವೆ ಸೇರಿ ಅವನ್ನು ದೂರ ಸರಿಸಬಲ್ಲವೇ ಹೊರತು, ಎಳೆಗಳನ್ನು ಉದ್ದವಾಗಿಸಲಾರವು. ಆದುದರಿಂದ ಹಲಗೆ ಹಿಗ್ಗುವುದೂ ಕುಗ್ಗುವುದೂ ಮುಖ್ಯವಾಗಿ ಅಗಲದಲ್ಲಿ.

ಒಂದು ಲೆಕ್ಕವನ್ನು ನೋಡೋಣ. ಮರದ ತೇವ ಶೇಕಡಾ 30ರಿಂದ ಸೊನ್ನೆಗೆ ಇಳಿದಾಗ, ಬೀಟೆಯು ಬೆಳವಣಿಗೆಯ ಬಳೆಗಳ ಗುಂಟ ಶೇಕಡಾ 6ರಷ್ಟು ಕುಗ್ಗುತ್ತದೆ. ತಿರುಳಿನಿಂದ ತೊಗಟೆಯ ಕಡೆಗೆ ಅದರ ಅರ್ಧದಷ್ಟು ಮಾತ್ರ. ತೇವದಲ್ಲಿ ಕೇವಲ ಶೇಕಡಾ 5ರ ವ್ಯತ್ಯಾಸವಾದರೂ 30 ಸೆಂಟಿಮೀಟರು ಅಗಲದ ಮುಚ್ಚಳ 3 ಮಿಲಿಮೀಟರಿನಷ್ಟು ಬದಲಾಗಬಹುದು. ಅಷ್ಟೇ ಉದ್ದದಲ್ಲಾಗುವ ಬದಲಾವಣೆ ಮಿಲಿಮೀಟರಿನ ಹತ್ತನೆಯ ಒಂದು ಪಾಲನ್ನೂ ಮೀರುವುದು ಅಪರೂಪ. ಇಂತಹ ಮುಚ್ಚಳವನ್ನು ನಾಲ್ಕೂ ಕಡೆ ಅಂಟಿಸಿ ಬಿಗಿದರೆ ಅದು ಸೀಳದೆ ಏನು ಮಾಡೀತು?

ಪರಿಹಾರ ಸರಳವಾದುದು. ಚೆನ್ನಾಗಿ ಒಣಗಿದ ಮರವನ್ನೇ ಆರಿಸಬೇಕು. ನಾಲ್ಕು ಪಕ್ಕದ ಹಲಗೆಗಳ ಎಳೆಗಳೂ ಪೆಟ್ಟಿಗೆಯ ಸುತ್ತ ಅಡ್ಡಲಾಗಿ ಸಾಗುವಂತೆ ಜೋಡಿಸಿದರೆ, ಎಲ್ಲವೂ ಎತ್ತರದಲ್ಲಿ ಒಟ್ಟಿಗೆ ಹಿಗ್ಗುತ್ತವೆ. ತಳದ ಹಲಗೆಯನ್ನು ಅಂಟಿಸದೆ, ಪಕ್ಕದ ಹಲಗೆಗಳಲ್ಲಿ ಕೊರೆದ ತೋಡಿನಲ್ಲಿ ಸ್ವಲ್ಪ ಎಡೆ ಬಿಟ್ಟು ಸೇರಿಸಬೇಕು.

ಹಾಗಾದರೆ ಅಂಟಿಸಿದ ಚಿತ್ರದ ಚೂರುಗಳ ಗತಿಯೇನು? ಹಿಗ್ಗುವ ಮರವನ್ನು ತಡೆಹಿಡಿಯಲು ಬೇಕಾದ ಬಲ ಅದರ ದಪ್ಪಕ್ಕೆ ಅನುಪಾತದಲ್ಲಿರುತ್ತದೆ. 10 ಮಿಲಿಮೀಟರು ದಪ್ಪದ ಹಲಗೆಯನ್ನು ತಡೆಯಲಾರದ ಅಂಟು, ಅದರ ಹತ್ತನೆಯ ಒಂದರಷ್ಟು ತೆಳುವಾದ ಚೂರನ್ನು ಹಿಡಿದಿಡಬಲ್ಲುದು. ಜಪಾನಿನ ಹಕೋನೆಯ ಯೊಸೆಗಿ ಪೆಟ್ಟಿಗೆಗಳಿಗೂ ಇದೇ ಆಧಾರ. ಅಲ್ಲಿಯವರು ಹಲವು ಬಣ್ಣದ ಮರದ ಕಡ್ಡಿಗಳನ್ನು ಒಟ್ಟಿಗೆ ಅಂಟಿಸಿ ದಿಮ್ಮಿ ಮಾಡಿ, ಅದನ್ನು ಕೀಸುಳಿಯಿಂದ ಕಾಗದದಂತೆ ಹೆರೆದು, ಆ ಚಿತ್ತಾರದ ಹಾಳೆಗಳನ್ನು ಪೆಟ್ಟಿಗೆಗೆ ಅಂಟಿಸುತ್ತಾರೆ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಒಂದೇ ಹಲಗೆಯಿಂದ ಎಳೆಯ ಉದ್ದಕ್ಕೊಂದು, ಅಡ್ಡಕ್ಕೊಂದು ಪಟ್ಟಿಯನ್ನು ಸಮವಾಗಿ ಕೊಯ್ದು, ಏಪ್ರಿಲಿನಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ಅಳೆದು ನೋಡಿ. ಪೆಟ್ಟಿಗೆಯ ಕೆಲಸವನ್ನು ಆಮೇಲೆ ಆರಂಭಿಸಿದರೂ ತಡವಾಗದು.