ನಿಮಗಿದು ಗೊತ್ತೇ? ಒಣಗಿದರೂ ಸಾಯದ ಜರೀಗಿಡ

ಜರೀಗಿಡಕ್ಕೆ ಆಗುಂಬೆಯ ಮಳೆ, ಮಡಿಕೇರಿಯ ಮಂಜು ಬೇಕೇಬೇಕು ಅಂದುಕೊಂಡಿದ್ದೀರಾ? ಮಯೂರಶಿಖೆ ಎಂಬ ಜರೀಗಿಡಕ್ಕೆ ಕಾದ ಬಂಡೆಯ ಬಿರುಕೊಂದಿದ್ದರೆ ಸಾಕು. ಅರೇಬಿಯಾ, ಆಫ್ರಿಕಾದ ಒಣ ನೆಲದಲ್ಲೂ ನಮ್ಮ ಬಯಲುಸೀಮೆಯ ಕಲ್ಲುಗುಡ್ಡಗಳಲ್ಲೂ ಬೆಳೆಯುವುದು ಇದೇ ಜಾತಿ. ಎತ್ತರ ಹೆಚ್ಚೆಂದರೆ ಒಂದು ಗೇಣು. ಎಲೆ ಥೇಟ್ ಪುಟ್ಟ ಬೀಸಣಿಗೆ.

ಬೇಸಿಗೆಯಲ್ಲಿ ಆ ಬೀಸಣಿಗೆ ಮುದುಡಿ ಕಂದಾಗುತ್ತದೆ. ಸತ್ತೇಹೋಯಿತು ಅನ್ನಬೇಡಿ. ಮಳೆ ಬಿದ್ದರೆ ಮತ್ತೆ ಬಿಚ್ಚಿಕೊಂಡು ಹಸಿರಾಗುತ್ತದೆ.

ಇದರ ಶಾಸ್ತ್ರೀಯ ಹೆಸರು ಆಕ್ಟಿನಿಯಾಪ್ಟೆರಿಸ್ ರೇಡಿಯಾಟ. ಹೆಸರಿಗೆ ಈಗಿನ ಈ ರೂಪ ಕೊಟ್ಟವನು ಜರ್ಮನಿಯ ಸಸ್ಯಶಾಸ್ತ್ರಜ್ಞ ಲಿಂಕ್, 1841ರಲ್ಲಿ. ಗ್ರೀಕಿನ 'ಆಕ್ಟಿಸ್' ಅಂದರೆ ಕಿರಣ. ಅವರಿಗೆ ಕಿರಣ ಕಂಡಿತು, ನಮ್ಮವರಿಗೆ ನವಿಲಿನ ಜುಟ್ಟು. ನನ್ನ ವೋಟು ನವಿಲಿಗೇ.

ಸಿಕ್ಕ ಗಿಡದ ದಾಖಲೆ ಉಳಿಯುವುದು ಹೀಗೆ: ಗಿಡವನ್ನು ಹಳೇ ಪೇಪರಿನ ನಡುವೆ ಒತ್ತಿ, ಒಣಗಿಸಿ, ಸುಮಾರು 42 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲದ ದಪ್ಪ ಹಾಳೆಗೆ ಅಂಟಿಸಿಟ್ಟರೆ ಅದೇ ಹರ್ಬೇರಿಯಂ ಹಾಳೆ. ಜರೀಗಿಡಕ್ಕೆ ಹೂವಿಲ್ಲ, ಬೀಜವೂ ಇಲ್ಲ. ಮುಖ್ಯ ಗುರುತಿರುವುದು ಎಲೆಯ ಬೆನ್ನಲ್ಲಿರುವ ಬೀಜಕಗಳಲ್ಲಿ. ಹಾಗಾಗಿ ಒಂದೆಲೆಯನ್ನಾದರೂ ಮಗುಚಿ ಅಂಟಿಸಬೇಕು.

ಹಾಳೆಯ ಮೂಲೆಯಲ್ಲಿ ಒಂದು ಚೀಟಿ ಇರುತ್ತದೆ: ಎಲ್ಲಿ ಸಿಕ್ಕಿತು, ಯಾವತ್ತು, ಯಾರು ತಂದರು. ಚೀಟಿ ಕಳೆದುಹೋದರೆ ಉಳಿಯುವುದು ಒಣಹುಲ್ಲು, ಅಷ್ಟೇ. ಮೈಸೂರು ಜಿಲ್ಲೆಯ ಸರಗೂರಿನವರು ಹಳೆಯ ಹಾಳೆ ಹುಡುಕಲು ಹೊರಟರೆ ಇಲ್ಲೊಂದು ತೊಡಕಿದೆ. ಸರಗೂರು ತಾಲ್ಲೂಕಾಗಿದ್ದು ಮೊನ್ನೆಮೊನ್ನೆ. ಹಳೆಯ ಚೀಟಿಯಲ್ಲಿ ತಾಲ್ಲೂಕು ಅಂದರೆ ಹೆಗ್ಗಡದೇವನಕೋಟೆ. 1973ರ ನವೆಂಬರ್‌ಗೂ ಹಿಂದಿನದಾದರೆ ರಾಜ್ಯದ ಹೆಸರೂ ಮೈಸೂರೇ. ಇನ್ನು ಕಬಿನಿ ಹಿನ್ನೀರಲ್ಲಿ ಮುಳುಗಿದ ಊರಿನ ಹೆಸರು ಚೀಟಿಯಲ್ಲಿದ್ದರೆ? ಆ ಜಾಗದಲ್ಲಿ ಆ ಗಿಡವಿತ್ತು ಅನ್ನಲು ಆ ಒಂದು ಹಾಳೆಯೇ ಸಾಕ್ಷಿ.

ಹಳೆಯ ಸಸ್ಯ ದಾಖಲೆ ಹುಡುಕುವವರಿಗೆ ಪುಸ್ತಕಗಳೂ ಇವೆ. ಮೈಸೂರು ಜಿಲ್ಲೆಯ ಸಸ್ಯಗಳ ಪಟ್ಟಿಯನ್ನು ಆರ್.ಆರ್. ರಾವ್ ಮತ್ತು ಬಿ.ಎ. ರಜಿ 1981ರಲ್ಲಿ ಪುಸ್ತಕವಾಗಿ ತಂದರು. ಹಾಸನ ಜಿಲ್ಲೆಯದು ಅದಕ್ಕೂ ಮೊದಲೇ, 1976ರಲ್ಲಿ: ಪಾದ್ರಿ ಸೆಸಿಲ್ ಸಲ್ಡಾನಾ ಮತ್ತು ಅಮೆರಿಕದ ನಿಕೋಲ್ಸನ್ ಅವರಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಹರ್ಬೇರಿಯಂಗೆ, ಅಂದರೆ ಇಂಥ ಹಾಳೆಗಳ ಸಂಗ್ರಹಕ್ಕೆ, 'ಜೆಸಿಬಿ' ಎಂಬ ಸಂಕೇತ. ಮಣ್ಣು ಅಗೆಯುವ ಯಂತ್ರಕ್ಕೂ ಇದಕ್ಕೂ ಸಂಬಂಧವಿಲ್ಲ!

ಮಯೂರಶಿಖೆಯಂತೆ ಬೆಳ್ಳಿ ಜರೀಗಿಡವೂ ಬಂಡೆಸಂದಿನದೇ. ಎಲೆಯನ್ನು ಅಂಗೈಗೆ ಒತ್ತಿದರೆ ಬಿಳಿಯ ಅಚ್ಚು ಮೂಡುತ್ತದೆ, ಮಕ್ಕಳಿಗೆ ಪುಕ್ಕಟೆ ಮೆಹಂದಿ.

ಮೊದಲ ಮಳೆಯಾದ ಮೇಲೆ ಸರಗೂರಿನ ಬಳಿಯ ಚಿಕ್ಕದೇವಮ್ಮನ ಬೆಟ್ಟ ಹತ್ತುವವರು ಬಂಡೆಸಂದುಗಳತ್ತ ಕಣ್ಣು ಹಾಯಿಸಿ. ಮಯೂರಶಿಖೆಯ ಬೀಸಣಿಗೆ ಕಂಡರೆ ಕೀಳಬೇಡಿ. ಎಲೆಯ ಹಿಂದೆ, ಮುಂದೆ ಒಂದೊಂದು ಫೋಟೊ ತೆಗೆದು, ತಾರೀಖು, ಜಾಗ ಬರೆದಿಡಿ.